ಡೆಂಗಿ ಇಲ್ಲ ಅಂತ ಬಂದ ಮೇಲೆ: ಚಂದೀಪುರ ವೈರಸ್ಸಿನ ಹಿನ್ನೆಲೆ

ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಮಳೆ ಶುರುವಾದರೆ ಮಕ್ಕಳ ಜ್ವರವೂ ಶುರು. ಡೆಂಗಿ ಇರಬಹುದು, ಮಲೇರಿಯಾ ಇರಬಹುದು ಅಂತ ರಕ್ತ ಕೊಡುತ್ತೇವೆ. ಇದೇ ಮಹಾರಾಷ್ಟ್ರದ ಒಂದು ಊರಿನ ಹೆಸರು ಹೊತ್ತ ವೈರಸ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಆ ಊರು ನಾಗಪುರದ ಹತ್ತಿರದ ಚಂದೀಪುರ. 1965ರಲ್ಲಿ ಆ ಭಾಗದಲ್ಲಿ ಜ್ವರ ಹಬ್ಬಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ) ರೋಗಿಗಳ ರಕ್ತ ಪರೀಕ್ಷಿಸಿದರು. ಇಬ್ಬರ ರಕ್ತದಲ್ಲಿ ಬೇರೆಯೇ ಒಂದು ವೈರಸ್ ಸಿಕ್ಕಿತು. ರೇಬೀಸ್ ವೈರಸ್ಸಿನ ದೂರದ ಬಳಗ. ಬರೀ ಜ್ವರ ತರುವಂಥದ್ದು ಅಂದುಕೊಂಡು ಬಹಳ ವರ್ಷ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

2003ರಲ್ಲಿ ಅದು ತನ್ನ ಇನ್ನೊಂದು ಮುಖ ತೋರಿಸಿತು. ಆಗಿನ ಆಂಧ್ರಪ್ರದೇಶದಲ್ಲಿ 329 ಮಕ್ಕಳಿಗೆ ಮಿದುಳು ಜ್ವರ ಬಂತು, 183 ಮಕ್ಕಳು ಸತ್ತರು. ಮರುವರ್ಷ ಗುಜರಾತ್. 2024ರಲ್ಲಿ ಮತ್ತೆ ಗುಜರಾತ್: ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ ದೇಶದಲ್ಲಿ 64 ಪ್ರಕರಣ ಖಚಿತವಾದವು, ಹೆಚ್ಚಿನವು ಅಲ್ಲಿಯವೇ.

ಇದನ್ನು ಮುಖ್ಯವಾಗಿ ಹರಡುವುದು ಮರಳು ನೊಣ. ಸೊಳ್ಳೆಗಿಂತ ತುಂಬಾ ಸಣ್ಣದು, ಸದ್ದೇ ಮಾಡುವುದಿಲ್ಲ, ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಲ್ಲೂ ತೂರುತ್ತದೆ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವದ ಮೂಲೆ ಇದಕ್ಕೆ ಇಷ್ಟ. ನಮ್ಮ ಕಡೆ ಇವೆರಡಕ್ಕೂ ಬರವೇ?

ಕಷ್ಟ ಇರುವುದು ಪತ್ತೆಯಲ್ಲಿ. ಬೆಳಿಗ್ಗೆ ಜ್ವರ, ವಾಂತಿ, ಸಂಜೆಗೆ ಫಿಟ್ಸ್, ಎರಡು ದಿನದೊಳಗೆ ಮಗು ಕೈತಪ್ಪಬಹುದು. ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹವೇ ತಯಾರಿಸುವ ರಕ್ಷಕ ವಸ್ತು) ಹುಡುಕುವ ಪರೀಕ್ಷೆಗೆ ಸಿಗುವಷ್ಟು ಪ್ರತಿಕಾಯ ಮೂಡಲು ಕೆಲವು ದಿನ ಬೇಕು. ಅಷ್ಟು ಪುರುಸೊತ್ತು ಈ ಕಾಯಿಲೆ ಕೊಡುವುದಿಲ್ಲ. ಹಾಗಾಗಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು, ಅದೂ ಮೊದಲ ದಿನದ ಮಾದರಿಯಲ್ಲಿ. ಮಾದರಿ ಐಸ್ ಡಬ್ಬದಲ್ಲಿ ಲ್ಯಾಬ್‌ಗೆ ಹೋಗಬೇಕು. ಸೊಲ್ಲಾಪುರದಿಂದ ಎನ್‌ಐವಿ ಇರುವ ಪುಣೆಗೇ ಸುಮಾರು 250 ಕಿ.ಮೀ. ಡೆಂಗಿ ನೆಗೆಟಿವ್ ಬಂದ ಮೇಲೆ ಆ ಡಬ್ಬ ಕಟ್ಟುವ ಗೋಜಿಗೆ ಎಷ್ಟು ಜನ ಹೋಗುತ್ತಾರೆ? 'ಜ್ವರ ನೆತ್ತಿಗೇರಿತು' ಅಂದು ಸುಮ್ಮನಾಗುವುದೇ ಜಾಸ್ತಿ.

ಲಸಿಕೆ ಇಲ್ಲ, ಇದಕ್ಕೇ ಅಂತ ಔಷಧಿಯೂ ಇಲ್ಲ, ಮತ್ತೆ ಪರೀಕ್ಷೆ ಯಾಕೆ ಅನ್ನಬಹುದು. ಒಂದು ಮಗುವಿನ ವರದಿ ಪಾಸಿಟಿವ್ ಬಂದರೆ ಆ ಓಣಿಯ ಗೋಡೆ, ಕೊಟ್ಟಿಗೆಗಳಿಗೆ ಔಷಧಿ ಹೊಡೆಸಬಹುದು. ಪಕ್ಕದ ಮನೆಯ ಮಗುವಿಗೆ ಜ್ವರ ಬಂದರೆ ಫಿಟ್ಸ್ ಬರುವವರೆಗೆ ಕಾಯದೆ, ಐಸಿಯು ಇರುವ ಆಸ್ಪತ್ರೆಗೆ ಅಂದೇ ಕಳಿಸಬಹುದು.