ಮನೆಯಲ್ಲೇ ಇರುವವರಿಗೆ ಲಾಕ್‌ಡೌನ್ ಏನು ಮಾಡಿತು?

2020ರ ಲಾಕ್‌ಡೌನಿನ ಮಾತು ಬಂದಾಗಲೆಲ್ಲ ವಿದ್ಯಾವಂತರೂ ಅಧಿಕಾರಿಗಳೂ ನನ್ನ ಮುಂದೆ ಒಂದೇ ಮಾತನ್ನು ಹೇಳುತ್ತಾರೆ: 'ಅಂಗವಿಕಲರು ಹೇಗೂ ಮನೆಯಲ್ಲೇ ಇರುವವರು, ಅವರಿಗೆ ಅಂಥ ವ್ಯತ್ಯಾಸವೇನೂ ಆಗಿರಲಾರದು.' ಬೆನ್ನುಹುರಿಗೆ ಪೆಟ್ಟಾದವರ ಆರೈಕೆಯಲ್ಲಿ ವರ್ಷಗಳಿಂದ ತೊಡಗಿರುವ ಫಿಸಿಯೋಥೆರಪಿಸ್ಟ್ ಆದ ನನಗೆ ಈ ಮಾತು ಕೇಳಿ ಸಾಕಾಗಿದೆ.

ಸೊಂಟದ ಕೆಳಗೆ ಸ್ವಾಧೀನವಿಲ್ಲದವರು ಮಲಗಿದ್ದಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಮೂಳೆ ಒತ್ತುವ ಕಡೆ ರಕ್ತಸಂಚಾರ ನಿಲ್ಲುತ್ತದೆ. ನೋವು ತಿಳಿಯದ ಕಾರಣ, ಹುಣ್ಣಾಗಿರುವುದು ಬೇರೆಯವರು ನೋಡಿ ಹೇಳುವವರೆಗೆ ಗೊತ್ತೇ ಆಗುವುದಿಲ್ಲ. ಮೂತ್ರಕೋಶ ತಾನಾಗಿ ಖಾಲಿಯಾಗದವರಲ್ಲಿ ಅನೇಕರು ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯುವ ಸಣ್ಣ ಕೊಳವೆ, ಹಾಕಿಕೊಳ್ಳಬೇಕು, ತಪ್ಪಿದರೆ ಸೋಂಕು ಮೂತ್ರಪಿಂಡದವರೆಗೂ ಏರಬಹುದು. ಇದಕ್ಕೆ ಬೇಕಾದ ಕೈ ಹಲವು ಮನೆಗಳಲ್ಲಿ ಹೊರಗಿನಿಂದ ಬರುತ್ತದೆ, ಕ್ಯಾತಿಟರ್ ಪೇಟೆಯಿಂದ ಬರುತ್ತದೆ. ಬಸ್ಸು ನಿಂತ ದಿನ ಇವೆರಡೂ ನಿಂತವು. ಮನೆಯಲ್ಲಿ ಬದುಕುವುದಕ್ಕೆ ಹೊರಗಿನವರು ಬರಲೇಬೇಕಾದವರಿಗೆ, ಬಾಗಿಲು ಮುಚ್ಚಿಕೊಂಡಿರಿ ಎಂಬ ಆದೇಶ ಎಷ್ಟು ಭಾರವಾಗಿತ್ತೆಂಬುದನ್ನು ಇನ್ನೂ ಬಿಡಿಸಿ ಹೇಳಬೇಕಾಗಿ ಬರುತ್ತಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಮಲೆನಾಡಿನಲ್ಲಿ ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬಿದ್ದ ಯುವಕನೊಬ್ಬ ನನ್ನ ಬಳಿ ಚಿಕಿತ್ಸೆಯಲ್ಲಿದ್ದ. ಅವನನ್ನು ಎತ್ತಿ ಕೂರಿಸಲು ಪಕ್ಕದ ಊರಿನಿಂದ ಬರುತ್ತಿದ್ದ ಸಹಾಯಕನನ್ನು ತಪಾಸಣಾ ಕೇಂದ್ರದಲ್ಲಿ ತಡೆದರು. 'ಅವನು ಮನೆಯಲ್ಲೇ ಮಲಗಿದ್ದಾನಲ್ಲ, ನೀನು ಹೋಗಿ ಮಾಡುವುದೇನು?' ಎಂದು ಕೇಳಿದರಂತೆ. ಆರೈಕೆದಾರರ ಸಂಚಾರಕ್ಕೆ ವಿನಾಯಿತಿ ಅಥವಾ ಪಾಸ್ ಕೊಡಬೇಕೆಂದು ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ 2020ರ ಮಾರ್ಚ್ ತಿಂಗಳಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಆದರೆ ರಸ್ತೆಯಲ್ಲಿ ನಿಂತಿದ್ದವರಿಗೆ ಅದು ತಿಳಿದಿರಲಿಲ್ಲ. ಅರವತ್ತು ದಾಟಿದ ಅವನ ತಾಯಿಗೆ, ಆಗಾಗ ಕಡಿದುಹೋಗುತ್ತಿದ್ದ ವಿಡಿಯೋ ಕರೆಯಲ್ಲಿ, ಮಗನ ಕೆಳಗೆ ಹಾಸಿದ ಬಟ್ಟೆಯನ್ನೇ ಎಳೆದು ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟೆ. ಆ ತಾಯಿ ಬೇಗ ಕಲಿತರು. ಅಷ್ಟರಲ್ಲಿ ಸೊಂಟದ ಹಿಂಭಾಗದಲ್ಲಿ ಹುಣ್ಣಾಗಿತ್ತು, ಮಾಯಲು ತಿಂಗಳುಗಳೇ ಬೇಕಾದವು.

ಎಲ್ಲರ ಅನುಭವವೂ ಹೀಗೆಯೇ ಇತ್ತೆಂದು ನಾನು ಹೇಳಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ತುಟಿ ಚಲನೆ ನೋಡಿ ಮಾತು ತಿಳಿಯುವ ಕಿವುಡರಿಗೆ ಮಾಸ್ಕ್ ಅಡ್ಡಿಯಾಯಿತು, ಮುಟ್ಟಿ ದಾರಿ ಗುರುತಿಸುವ ಅಂಧರಿಗೆ ಮುಟ್ಟುವುದೇ ಭಯವಾಯಿತು. ಅವರ ಕಷ್ಟವನ್ನು ಅವರೊಂದಿಗೆ ಕೆಲಸ ಮಾಡುವವರು ಹೇಳುವುದೇ ಸರಿ.

ಆ ವರ್ಷದಿಂದ ನಾನು, ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ, ಮನೆಯವರೊಬ್ಬರಿಗೂ ನೆರೆಮನೆಯವರೊಬ್ಬರಿಗೂ ಮಗ್ಗುಲು ಬದಲಿಸುವುದನ್ನು ನನ್ನ ಎದುರಿಗೇ ಮಾಡಿಸುತ್ತೇನೆ. ತಿಂಗಳಿಗಾಗುವಷ್ಟು ಕ್ಯಾತಿಟರ್ ಮನೆಯಲ್ಲಿರಲಿ ಎಂದೂ ಹೇಳುತ್ತೇನೆ, ಖರೀದಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲವೆಂಬುದು ತಿಳಿದಿದ್ದರೂ. ಆ ತಾಯಿ ಈಗ ಪಕ್ಕದ ಮನೆಯ ಸೊಸೆಗೆ ಬಟ್ಟೆ ಎಳೆಯುವ ಬಗೆ ಕಲಿಸಿದ್ದಾರೆ.