ಸಿಹಿ ಬೇರೆ, ಮಧುರ ಬೇರೆ

ಮಧುರ ಅನ್ನೋ ಪದ ಬಂದಿದ್ದು ಮಧು ಕಡೆಯಿಂದ, ಅಂದ್ರೆ ಜೇನು. ಆಯುರ್ವೇದದ ಆರು ರಸಗಳಲ್ಲಿ ಒಂದರ ಹೆಸರೂ ಅದೇ. ಆದ್ರೆ ಮಾತಾಡುವಾಗ ಯಾರೂ ಸಕ್ಕರೆ ಮಧುರವಾಗಿದೆ ಅನ್ನಲ್ಲ, ಸಿಹಿ ಅಂತೀವಿ, ಮಧುರ ಅನ್ನೋದನ್ನ ದನಿಗೆ, ನೆನಪಿಗೆ, ಕ್ಷಣಕ್ಕೆ ಎತ್ತಿಟ್ಟಿದೀವಿ. ನಾಲಿಗೆಯ ಪದ ಕಿವಿಗೆ ಹೆಂಗೆ ಹೋಯ್ತು? ಕವಿಗಳ ಕೆಲಸ ಅಂತ ಬಿಟ್ಬಿಡಬಹುದು, ಆದ್ರೆ ಮೆದುಳಿನೊಳಗೆ ನಡೆಯೋದು ನೋಡಿದ್ರೆ ಈ ಬಳಕೆ ಸರಿಯಾಗೇ ಇದೆ ಅನ್ಸುತ್ತೆ.

ಸಿಹಿ ಅನ್ನೋದು ಬರೀ ಸುದ್ದಿ. ನಾಲಿಗೆಯ ಜೀವಕೋಶಗಳಲ್ಲಿ ಟಿ1ಆರ್2, ಟಿ1ಆರ್3 ಅನ್ನೋ ಎರಡು ಪ್ರೋಟೀನ್ ಸೇರಿ ಆದ ರಿಸೆಪ್ಟರ್, ಅಂದ್ರೆ ರುಚಿಯ ಅಣು ಹಿಡಿಯೋ ಗ್ರಾಹಕ ಇದೆ, ಸಕ್ಕರೆ ಅಣು ಅದಕ್ಕೆ ಕೂತ್ರೆ ಸಿಗ್ನಲ್ ಹೊರಡುತ್ತೆ, ಅಷ್ಟೇ. (ಬೆಕ್ಕುಗಳಲ್ಲಿ ಟಿ1ಆರ್2ರ ಜೀನ್ ಕೆಟ್ಟುಹೋಗಿದೆ ಅಂತ 2005ರಲ್ಲಿ ಗೊತ್ತಾಯ್ತು, ಪಾಪ ಅವಕ್ಕೆ ಸಿಹಿ ಅನ್ನೋದೇ ತಿಳಿಯಲ್ಲ.) ಹಿತ ಅನ್ನೋದನ್ನ ಆಮೇಲೆ ಮೆದುಳು ಸೇರಿಸುತ್ತೆ. ಮಿಷಿಗನ್ ವಿಶ್ವವಿದ್ಯಾಲಯದ ಮೆದುಳು ವಿಜ್ಞಾನಿ ಕೆಂಟ್ ಬೆರಿಡ್ಜ್ ಇಲಿಗಳ ಮೆದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕವನ್ನ ಹೆಚ್ಚುಕಮ್ಮಿ ಪೂರ್ತಿ ತೆಗೆದು ನೋಡಿದ್ರು, ಆ ಇಲಿಗಳು ತಾವಾಗಿ ಊಟದ ಹತ್ರಾನೂ ಹೋಗ್ತಿರಲಿಲ್ಲ, ಆದ್ರೆ ಬಾಯಿಗೆ ಸಕ್ಕರೆ ನೀರು ಬಿಟ್ರೆ ಮೊದಲಿನ ಹಾಗೇ ತುಟಿ ಚಪ್ಪರಿಸ್ತಿದ್ವು. ಅಂದ್ರೆ ಬೇಕು ಅನ್ನೋದೇ ಬೇರೆ, ಹಿತ ಅನ್ನೋದೇ ಬೇರೆ. ಎಲ್ಲರೂ ಡೋಪಮೈನನ್ನ ಸುಖದ ರಾಸಾಯನಿಕ ಅಂತ ಕರೆಯೋದು ಅದಕ್ಕೇ ನಂಗೆ ಅಷ್ಟು ಹಿಡಿಸಲ್ಲ. ಹಿತದ ಕೆಲಸ ಮಾಡೋದು ಮೆದುಳಿನಲ್ಲೇ ತಯಾರಾಗೋ ಓಪಿಯಾಯ್ಡ್ ಥರದ, ಅಂದ್ರೆ ಅಫೀಮಿನಂಥ ವಸ್ತುಗಳು, ಇಲಿಗಳಲ್ಲಿ ಸುಮಾರು 1 ಘನ ಮಿಲಿಮೀಟರ್‌ನಷ್ಟೇ ಇರೋ ಜಾಗಗಳಲ್ಲಿ.

ಮನುಷ್ಯರ ಸ್ಕ್ಯಾನ್‌ಗಳಲ್ಲಿ ಕಣ್ಣುಗುಳಿಯ ಮೇಲ್ಗಡೆ ಇರೋ ಆರ್ಬಿಟೋಫ್ರಂಟಲ್ ಭಾಗ ಒಳ್ಳೇ ರುಚಿಗೂ, ಪರಿಮಳಕ್ಕೂ, ಮೃದುವಾದ ಸ್ಪರ್ಶಕ್ಕೂ, ಇಷ್ಟದ ಸಂಗೀತಕ್ಕೂ ಚುರುಕಾಗುತ್ತೆ. ಬಾಗಿಲು ಬೇರೆಬೇರೆ, ಒಳಗಿನ ಹಜಾರ ಒಂದೇ, ಹಂಗಿದ್ಮೇಲೆ ನಾಲಿಗೆಗೂ ಕಿವಿಗೂ ಮಧುರ ಅನ್ನೋ ಪದ ಒಂದೇ ಆದ್ರೆ ತಪ್ಪೇನು?

ಸಿಹಿ ಬೇರೆ, ಹಿತ ಬೇರೆ ಅನ್ನೋದಕ್ಕೆ ನಿಮ್ಮ ಬಾಯಲ್ಲೇ ಸಾಕ್ಷಿ ಇದೆ. ಒಂದೇ ಸಿಹಿತಿಂಡಿ ತಿಂತಾ ಹೋಗಿ, ನಾಲ್ಕನೇ ತುಂಡಿಗೂ ಅದು ಹೆಚ್ಚುಕಮ್ಮಿ ಅಷ್ಟೇ ಸಿಹಿ, ಆದ್ರೆ ಖುಷಿ ಇಳಿದಿರುತ್ತೆ. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತೆ ಜೊತೆಗಾರರು 1981ರಲ್ಲೇ ಇದನ್ನ ತೋರಿಸಿದ್ರು, ತಿಂದ ಪದಾರ್ಥದ ಮೇಲೆ ಮಾತ್ರ ಇಷ್ಟ ಕಮ್ಮಿ ಆಗುತ್ತೆ, ತಿನ್ನದೇ ಇರೋದ್ರ ಮೇಲೆ ಅಷ್ಟಾಗಿ ಇಳಿಯಲ್ಲ. ಊಟ ಮುಗಿಸಿ ಹೊಟ್ಟೆ ಬಿರಿಯುತ್ತೆ ಅಂದವರು ಐಸ್‌ಕ್ರೀಮ್ ಬಂದ ತಕ್ಷಣ ಚಮಚ ಹಿಡಿಯೋದು ಅದಕ್ಕೇ.