ಜೈಲಿನಿಂದ ಬಂದವರಿಗೆ ಕೆಲಸ: ಅರ್ಜಿಯ ಆ ಒಂದು ಪ್ರಶ್ನೆ ತೆಗೆದರೆ ಸಾಕಾ?

ಶಿಕ್ಷೆ ಮುಗಿಸಿ ಬಂದವರಿಗೆ ಕೆಲಸ ಸಿಗಬೇಕು ಅನ್ನುವುದಕ್ಕೆ ಹೆಚ್ಚು ಜನರ ತಕರಾರಿಲ್ಲ. ಹೇಗೆ ಅನ್ನುವಲ್ಲಿ ಗೊಂದಲ. ಮಾಲೀಕರಿಗೆ ತೆರಿಗೆ ರಿಯಾಯಿತಿ ಕೊಡಿ ಅನ್ನುವವರಿದ್ದಾರೆ. ಹಳೆಯ ಕೇಸಿನ ಬಗ್ಗೆ ಕೇಳಲೇಬೇಡಿ ಅನ್ನುವವರಿದ್ದಾರೆ. ಜೈಲಿನೊಳಗೇ ಕೆಲಸ ಕಲಿಸಿ ಅನ್ನುವವರೂ ಇದ್ದಾರೆ.

1841ರಲ್ಲಿ ಬಾಸ್ಟನ್ನಿನ ಬೂಟು ತಯಾರಕ ಜಾನ್ ಅಗಸ್ಟಸ್ ಕೋರ್ಟಿನಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತರು. ಮುಂದೆ ಸಾಯುವ ತನಕ ಹೀಗೆ ನೂರಾರು ಜನರ ಹೊಣೆ ಹೊತ್ತರು, ಕೆಲಸ ಹುಡುಕಲು ನೆರವಾದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಇದು ಬಹುಪಾಲು ಸೇವಾ ಸಂಸ್ಥೆಗಳ, ಪ್ರೊಬೇಷನ್ ಅಧಿಕಾರಿಗಳ (ಜೈಲಿನ ಹೊರಗೆ ಬಿಟ್ಟವರ ಮೇಲೆ ನಿಗಾ ಇಡುವವರ) ಪಾಲಿಗೇ ಉಳಿಯಿತು. ಮಾಲೀಕರ ಭಯದ ಕಡೆ ಗಮನ ಹರಿದದ್ದು ತಡವಾಗಿ. 1966ರಲ್ಲಿ ಅಮೆರಿಕದ ಸರ್ಕಾರ, ಇಂಥ ನೌಕರರು ಕದ್ದರೆ ನಷ್ಟ ತುಂಬಿಕೊಡುವ ಬಾಂಡ್ ಯೋಜನೆ ತಂದಿತು. 1974ರಲ್ಲಿ ಬ್ರಿಟನ್, ಸಣ್ಣ ಶಿಕ್ಷೆಯಾದವರು ಕೆಲವು ವರ್ಷ ಕಳೆದ ಮೇಲೆ ಅದನ್ನು ಹೇಳಬೇಕಿಲ್ಲ ಎಂಬ ಕಾನೂನು ಮಾಡಿತು. ತೆರಿಗೆ ರಿಯಾಯಿತಿಗಳೂ ಬಂದವು.

ವಿಷಯ ನಿಜವಾಗಿ ಕಾವೇರಿದ್ದು ಅರ್ಜಿ ಫಾರಂನ ಒಂದು ಚೌಕದ ಸುತ್ತ. 'ನಿಮಗೆ ಯಾವತ್ತಾದರೂ ಶಿಕ್ಷೆಯಾಗಿದೆಯೇ?' ಹೌದು ಎಂದು ಗುರುತು ಹಾಕಿದರೆ ಅರ್ಜಿ ಅಲ್ಲಿಗೇ ಮುಗಿಯಿತು. 2003ರಲ್ಲಿ ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ ಇದನ್ನು ಅಂಕಿಗಳಲ್ಲಿ ತೋರಿಸಿದರು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದೇ ಥರದ ಅರ್ಹತೆಯ ಯುವಕರನ್ನು, ಕೆಲವು ಕಡೆ ಜೈಲಿನ ದಾಖಲೆ ಇದೆ ಎಂದು ಹೇಳಿಸಿ, ಕೆಲಸ ಕೇಳಲು ಕಳಿಸಿದ್ದರು. ದಾಖಲೆ ಇಲ್ಲದ ಬಿಳಿಯರ ನೂರು ಅರ್ಜಿಗಳಲ್ಲಿ 34ಕ್ಕೆ ಕರೆ ಬಂತು, ದಾಖಲೆ ಇದ್ದಾಗ 17ಕ್ಕೆ. ಕಪ್ಪು ಯುವಕರಲ್ಲಿ ಇದು 14 ಮತ್ತು 5. ಯಾವ ದಾಖಲೆಯೂ ಇಲ್ಲದ ಕಪ್ಪು ಯುವಕನಿಗಿಂತ ಜೈಲು ಕಂಡೆ ಎಂದ ಬಿಳಿ ಯುವಕನಿಗೇ ಹೆಚ್ಚು ಕರೆ. ಈ ಸಾಲನ್ನು ಓದಿ ಸುಮ್ನೆ ಮುಂದೆ ಹೋಗೋದು ಕಷ್ಟ.

ಹವಾಯಿ 1998ರಲ್ಲೇ ಆ ಪ್ರಶ್ನೆಯನ್ನು ಅರ್ಜಿಯ ಹಂತದಿಂದ ಹಿಂದಕ್ಕೆ ಸರಿಸಿತ್ತು. 2004ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಜೈಲು ಕಂಡವರೇ ಕಟ್ಟಿದ ಸಂಘಟನೆಯೊಂದು ಇದನ್ನು ಚಳವಳಿ ಮಾಡಿತು. ಬೇಡಿಕೆ ಚಿಕ್ಕದು: ಕೇಳಿ, ಆದರೆ ಮನುಷ್ಯನನ್ನು ನೋಡಿದ ಮೇಲೆ ಕೇಳಿ. ಹಲವು ರಾಜ್ಯಗಳು ಒಪ್ಪಿದವು. 2019ರಲ್ಲಿ ಅಮೆರಿಕದ ಕೇಂದ್ರ ಸರ್ಕಾರಿ ನೇಮಕಾತಿಗೂ ಇಂಥದೇ ಕಾನೂನು ಬಂತು.

ಆದರೆ ಅದಕ್ಕೂ ಮೊದಲೇ ಇನ್ನೊಂದು ಅಧ್ಯಯನ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಅಮಾಂಡಾ ಏಗನ್ ಮತ್ತು ಸೋಂಜಾ ಸ್ಟಾರ್ ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಸುಮಾರು 15,000 ಕಲ್ಪಿತ ಅರ್ಜಿ ಕಳಿಸಿದರು. ಚೌಕ ಇದ್ದ ಕಂಪನಿಗಳಲ್ಲಿ ಕಪ್ಪು ಜನರ ಹೆಸರಿನ ಅರ್ಜಿಗಳಿಗಿಂತ ಬಿಳಿಯರ ಹೆಸರಿನ ಅರ್ಜಿಗಳಿಗೆ 7% ಜಾಸ್ತಿ ಕರೆ ಬರುತ್ತಿತ್ತು. ಚೌಕ ಹೋದ ಮೇಲೆ ಅದು 43% ಆಯಿತು. ದಾಖಲೆ ಕಾಣದಿದ್ದಾಗ ಹೆಸರು ನೋಡಿ ಊಹಿಸುವುದು ಶುರುವಾಗಿತ್ತು. ಭಯ ಇದ್ದಲ್ಲೇ ಇತ್ತು, ಅಲ್ವಾ?

ಮಾಲೀಕರನ್ನೇ ಜೈಲಿನೊಳಗೆ ಕರೆತರುವ ದಾರಿ ಮುಖ್ಯವಾಗುವುದು ಇಲ್ಲಿ. ಬ್ರಿಟನ್ನಿನಲ್ಲಿ ಚಪ್ಪಲಿ ರಿಪೇರಿ, ಬೀಗದ ಕೈ ಮಾಡುವ ಟಿಂಪ್ಸನ್ ಕಂಪನಿ ಎರಡು ದಶಕಗಳಿಂದ ಜೈಲಿಗೇ ಹೋಗಿ ಜನರನ್ನು ಆರಿಸುತ್ತಿದೆ, ಅಲ್ಲೇ ತರಬೇತಿ ಕೊಟ್ಟಿದೆ. ಅದರ ನೌಕರರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಜೈಲು ಕಂಡವರು. ಸಿಂಗಾಪುರ 2004ರಲ್ಲಿ ಶುರು ಮಾಡಿದ ಹಳದಿ ರಿಬ್ಬನ್ ಅಭಿಯಾನವೂ ಮಾಲೀಕರ ಮನಸ್ಸು ಬದಲಿಸುವುದಕ್ಕೇ ಒತ್ತು ಕೊಟ್ಟಿತು. ಎದುರು ಕೂತು ಮಾತಾಡಿದವನ ಬಗ್ಗೆ ಊಹೆ ಕಟ್ಟುವ ಅಗತ್ಯ ಬೀಳುವುದಿಲ್ಲ.

ಹಾಗಂತ ಸೇರಿಸಿಕೊಂಡರೆ ಮುಗಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ಜೈಲಿನಿಂದ ಬಂದವರಿಗೆ ತಾತ್ಕಾಲಿಕ ಕೆಲಸ ಕೊಡುವ ಕಾರ್ಯಕ್ರಮವನ್ನು ಅಳೆದು ನೋಡಿದಾಗ, ಉದ್ಯೋಗದಲ್ಲಿ ಕಂಡ ಏರಿಕೆ ಮೊದಲ ವರ್ಷದಲ್ಲೇ ಕರಗಿತ್ತು. ಮತ್ತೆ ಜೈಲು ಸೇರುವುದು ಕಡಿಮೆಯಾಗಿತ್ತು, ಅದೂ ಮುಖ್ಯವಾಗಿ ಬಿಡುಗಡೆಯಾಗಿ ಹೆಚ್ಚು ದಿನವಾಗದವರಲ್ಲಿ. ಗುರುತಿನ ಚೀಟಿ ಇಲ್ಲ, ಇರಲು ಮನೆ ಇಲ್ಲ, ಅಧಿಕಾರಿಯ ಮುಂದೆ ಹಾಜರಿ ಹಾಕುವ ಹೊತ್ತೂ ಶಿಫ್ಟಿನ ಹೊತ್ತೂ ಒಂದೇ. ಕೆಲಸ ಬಿಟ್ಟುಹೋಗುವುದು ಬಹಳ ಸಲ ಇಂಥದ್ದರಿಂದ. ಹಾಗಾಗಿ ಇಂಥವರನ್ನು ಸೇರಿಸಿಕೊಳ್ಳಲು ಮಾಲೀಕರ ಜೊತೆ ಒಪ್ಪಂದ ಮಾಡುವಾಗ, ತೊಂದರೆ ಬಂದರೆ ಅವರು ಫೋನ್ ಮಾಡಬಹುದಾದ ಒಬ್ಬ ಮನುಷ್ಯ ಬೇಕು, ಅವನ ಸಂಬಳಕ್ಕೂ ಹಣ ಎತ್ತಿಡಬೇಕು. ಎಷ್ಟು ಜನರನ್ನು ಸೇರಿಸಿಕೊಂಡಿರಿ ಎಂಬ ಲೆಕ್ಕದ ಪಕ್ಕದಲ್ಲಿ, ವರ್ಷದ ಮೇಲೆ ಎಷ್ಟು ಜನ ಉಳಿದಿದ್ದಾರೆ ಎಂಬ ಲೆಕ್ಕವನ್ನೂ ಕೇಳಬೇಕು.